ನಿಸ್ತಂತು ಧ್ವನಿವರ್ಧಕಕ್ಕೆ ತಂತಿ ಏಕೆ?

ನಮ್ಮ ನೆರೆಮನೆಯ ಹುಡುಗನೊಬ್ಬನು ಕಾಲೇಜಿನ ಎರಡನೆಯ ವರ್ಷದಲ್ಲಿ ಓದುತ್ತಿದ್ದಾನೆ. ಅವನ ಅಜ್ಜಿ ಎಳವೆಯಲ್ಲಿ ಸಂಗೀತ ಕಲಿತವರು; ಈಗ ಮಂಡಿನೋವಿನಿಂದಾಗಿ ಕಚೇರಿಗಳಿಗೆ ಹೋಗಲಾರರು. ಅಜ್ಜಿಗೆ ಮನೆಯಲ್ಲಿಯೇ ಒಳ್ಳೆಯ ಸಂಗೀತವನ್ನು ಕೇಳಿಸಬೇಕೆಂಬ ಆಸೆಯಿಂದ ಆ ಹುಡುಗನು ಒಂದು ವರ್ಷ ಮನೆಪಾಠ ಹೇಳಿ ಕೂಡಿಟ್ಟ ಹಣವನ್ನೆಲ್ಲ ಸುರಿದು ಒಂದು ಜೊತೆ ಧ್ವನಿವರ್ಧಕಗಳನ್ನು ಕೊಂಡು ತಂದನು. ಅವುಗಳ ರಟ್ಟಿನ ಪೆಟ್ಟಿಗೆಯ ಮೇಲೆ 'ವೈರ್‌ಲೆಸ್' ಎಂದೂ '1000 ವ್ಯಾಟ್' ಎಂದೂ ದಪ್ಪ ಅಕ್ಷರಗಳಲ್ಲಿ ಅಚ್ಚಾಗಿತ್ತು. ಬಿಚ್ಚಿ ನೋಡಿದರೆ ಗೋಡೆಯ ಪ್ಲಗ್ಗಿಗೆ ಹೋಗುವ ತಂತಿ ಒಂದು, ಎಡಗಡೆಯ ಪೆಟ್ಟಿಗೆಯಿಂದ ಬಲಗಡೆಯದಕ್ಕೆ ಹೋಗುವ ತಂತಿ ಇನ್ನೊಂದು! ಇರಲಿ ಎಂದುಕೊಂಡು ಅವುಗಳನ್ನು ನಡುಮನೆಯ ಎರಡು ಮೂಲೆಗಳಲ್ಲಿ ನೆಲದ ಮೇಲೆ ಇರಿಸಿ, ಹಳೆಯ ಕಚೇರಿಯೊಂದರ ಮುದ್ರಣವನ್ನು ಹಚ್ಚಿದನು. ಅಜ್ಜಿ ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೇಳಿದರು. ಅನಂತರ, "ಮೃದಂಗವೇನೋ ಗುಡುಗುತ್ತದೆ ಮಗು, ತಂಬೂರಿ ಎಲ್ಲಿ ಹೋಯಿತು?" ಎಂದರು.

ಹುಡುಗನು ಸಪ್ಪೆ ಮೋರೆ ಮಾಡಿಕೊಂಡು ನಮ್ಮಲ್ಲಿಗೆ ಬಂದನು. ಅವನು ಕೇಳಿದ ಪ್ರಶ್ನೆಗಳು ಮೂರು. ನಿಸ್ತಂತು ಎಂದು ಹೆಸರಿಟ್ಟುಕೊಂಡ ಉಪಕರಣಕ್ಕೆ ತಂತಿ ಏಕೆ? ಸಾವಿರ ವ್ಯಾಟ್ ಇದ್ದೂ ಸಂಗೀತ ಸೊಗಸದೆ ಇರುವುದೇಕೆ? ತಂಬೂರಿ ಎಲ್ಲಿ ಅಡಗಿತು? ಈ ಮೂರಕ್ಕೂ ಉತ್ತರ ಹುಡುಕುತ್ತ ಹೋದರೆ ಮನೆಗೆ ಧ್ವನಿವರ್ಧಕವನ್ನು ಆರಿಸುವ ವಿದ್ಯೆ ತಾನಾಗಿಯೇ ಕೈವಶವಾಗುತ್ತದೆ. ಅದಕ್ಕೆ ಬೇಕಾದ ಭೌತವಿಜ್ಞಾನವಾದರೋ ಪ್ರೌಢಶಾಲೆಯ ಪುಸ್ತಕದಲ್ಲಿ ಇರುವಷ್ಟೇ.

ಸುರುಳಿ, ಅಯಸ್ಕಾಂತ, ಶಂಕು

ಧ್ವನಿವರ್ಧಕದ ಹೃದಯ ಬಹಳ ಸರಳವಾದುದು. ಬಲವಾದ ಅಯಸ್ಕಾಂತವೊಂದರ ಕಿರಿದಾದ ಸಂದಿನಲ್ಲಿ ತೆಳುತಂತಿಯ ಸುರುಳಿಯೊಂದು ತೂಗಿಕೊಂಡಿರುತ್ತದೆ. ಸುರುಳಿಗೆ ಕಾಗದ, ರೇಷ್ಮೆ, ಪ್ಲಾಸ್ಟಿಕ್ ಅಥವಾ ಲೋಹದ ಶಂಕುವೊಂದು ಅಂಟಿಕೊಂಡಿರುತ್ತದೆ. ಸುರುಳಿಯಲ್ಲಿ ವಿದ್ಯುತ್ತು ಹರಿದಾಗ ಅದರ ಮೇಲೆ ಬಲ ಬೀಳುತ್ತದೆ. ವಿದ್ಯುತ್ತಿನ ದಿಕ್ಕು ಬದಲಾದಂತೆ ಸುರುಳಿ ಹಿಂದಕ್ಕೂ ಮುಂದಕ್ಕೂ ಸರಿಯುತ್ತದೆ, ಅದರೊಡನೆ ಶಂಕು, ಶಂಕುವಿನೊಡನೆ ಅದರ ಮುಂದಿನ ಗಾಳಿ. ಗಾಳಿಯ ಈ ಕಂಪನವೇ ನಮ್ಮ ಕಿವಿಗೆ ಸ್ವರವಾಗುತ್ತದೆ.

ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಎಂಬ ಇಬ್ಬರು ಎಂಜಿನಿಯರುಗಳು 1925ರಲ್ಲಿ ಇಂಥ ಧ್ವನಿವರ್ಧಕದ ಸುವ್ಯವಸ್ಥಿತ ರೂಪವನ್ನು ಜಗತ್ತಿನ ಮುಂದಿಟ್ಟರು. ಮರುವರ್ಷವೇ ಅದು 'ರೇಡಿಯೋಲ 104' ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂದಿತು. ಇಲ್ಲೊಂದು ಸ್ವಾರಸ್ಯವಿದೆ. ಆ ಪೆಟ್ಟಿಗೆಯೊಳಗೆ ಧ್ವನಿವರ್ಧಕದ ಜೊತೆಗೆ, ವಿದ್ಯುತ್ ಸಂಕೇತವನ್ನು ಬಲಪಡಿಸುವ ಆಂಪ್ಲಿಫೈಯರ್ ಕೂಡ ಇತ್ತು. ಅಂದಮೇಲೆ ಇಂದು ಹೊಸ ಸೋಜಿಗವೆಂಬಂತೆ ಮಾರಾಟವಾಗುವ 'ಪವರ್ಡ್' ಧ್ವನಿವರ್ಧಕವು ಆಧುನಿಕ ಧ್ವನಿವರ್ಧಕದಷ್ಟೇ ಹಳೆಯದು.

ಒಂದೇ ಶಂಕುವಿನಿಂದ ಎಲ್ಲ ಸ್ವರಗಳನ್ನೂ ಹೊರಡಿಸಬಾರದೇಕೆ? ಎಳೆಯ ಕಿವಿಗೆ ಸೆಕೆಂಡಿಗೆ ಸುಮಾರು 20ರಿಂದ 20,000ದವರೆಗಿನ ಕಂಪನಗಳು ಕೇಳಿಸುತ್ತವೆ. ಸೆಕೆಂಡಿಗೆ ಒಂದು ಕಂಪನವೆಂದರೆ ಒಂದು ಹರ್ಟ್ಸ್. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ವೇಗವನ್ನು ಕಂಪನಸಂಖ್ಯೆಯಿಂದ ಭಾಗಿಸಿದರೆ ತರಂಗದೂರ ದೊರೆಯುವುದಷ್ಟೆ. 20 ಹರ್ಟ್ಸ್ ಸ್ವರಕ್ಕೆ ಅದು 17 ಮೀಟರ್, 20,000 ಹರ್ಟ್ಸ್ ಸ್ವರಕ್ಕೆ 1.7 ಸೆಂಟಿಮೀಟರ್. ಮಂದ್ರ ಸ್ವರಗಳಿಗೆ ಬಹಳ ಗಾಳಿಯನ್ನು ತಳ್ಳಬಲ್ಲ ದೊಡ್ಡ ಶಂಕು ಬೇಕು. ತಾರ ಸ್ವರಗಳಿಗೆ ಚುರುಕಾಗಿ ಆಡಬಲ್ಲ ಹಗುರವಾದ ಚಿಕ್ಕ ಗುಮ್ಮಟ ಬೇಕು. ಆದುದರಿಂದ ಒಳ್ಳೆಯ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಇಬ್ಬರು ಕೆಲಸಗಾರರಿರುತ್ತಾರೆ. ದೊಡ್ಡವನ ಹೆಸರು ವೂಫರ್, ಚಿಕ್ಕವನ ಹೆಸರು ಟ್ವೀಟರ್. ಬಂದ ಸಂಕೇತವನ್ನು ಮಂದ್ರಭಾಗ, ತಾರಭಾಗ ಎಂದು ಸೀಳಿ ಅವರವರ ಪಾಲನ್ನು ಅವರವರಿಗೆ ಹಂಚುವ ಮಂಡಲವನ್ನು ಕ್ರಾಸ್‌ಓವರ್ ಎಂದು ಕರೆಯುತ್ತಾರೆ. ನಾವು ಅದನ್ನು ವಿಭಜಕವೆನ್ನೋಣ.

ಪವರ್ಡ್ ಬೇರೆ, ಆ್ಯಕ್ಟಿವ್ ಬೇರೆ

ಈ ವಿಭಜಕ ಎಲ್ಲಿದೆ ಎಂಬುದೇ ಆಯ್ಕೆಯ ಮೊದಲನೆಯ ಪ್ರಶ್ನೆ. ಅಂಗಡಿಗಳಲ್ಲಿ 'ಪವರ್ಡ್', 'ಆ್ಯಕ್ಟಿವ್' ಎಂಬ ಎರಡು ಮಾತುಗಳನ್ನೂ ಒಂದೇ ಅರ್ಥದಲ್ಲಿ ಬಳಸುವುದುಂಟು. ಅವು ಒಂದೇ ಅಲ್ಲ.

ಕೆರೆಯ ನೀರನ್ನು ಎರಡು ಗದ್ದೆಗಳಿಗೆ ಹಂಚಬೇಕಾಗಿದೆ ಎಂದುಕೊಳ್ಳೋಣ. ಒಂದು ದೊಡ್ಡ ಪಂಪಿನಿಂದ ನೀರನ್ನು ರಭಸವಾಗಿ ಹಾಯಿಸಿ, ಆ ರಭಸದ ಪ್ರವಾಹಕ್ಕೆ ಅಡ್ಡಲಾಗಿ ಕವಾಟಗಳನ್ನು ಇಟ್ಟು ಸೀಳುವುದು ಒಂದು ಕ್ರಮ. ನೀರು ಇನ್ನೂ ಸಣ್ಣ ತೊರೆಯಾಗಿರುವಾಗಲೇ ಎರಡಾಗಿ ತಿರುಗಿಸಿ, ಒಂದೊಂದು ಗದ್ದೆಗೂ ಅದರದೇ ಪಂಪನ್ನು ಹೂಡುವುದು ಇನ್ನೊಂದು ಕ್ರಮ. ಮೊದಲನೆಯದರಲ್ಲಿ ಕವಾಟಗಳು ದಪ್ಪವಾಗಿರಬೇಕು, ಶಕ್ತಿ ಅಲ್ಲಿಯೇ ಸೋರುತ್ತದೆ. ಎರಡನೆಯದರಲ್ಲಿ ಹಂಚಿಕೆ ನಾಜೂಕು, ಆದರೆ ಪಂಪುಗಳು ಎರಡು ಬೇಕು.

ಆಂಪ್ಲಿಫೈಯರು ಸಂಕೇತವನ್ನು ಬಲಪಡಿಸಿದ ಮೇಲೆ ತಾಮ್ರದ ಸುರುಳಿಗಳು ಮತ್ತು ಕೆಪಾಸಿಟರುಗಳಿಂದಾದ ವಿಭಜಕ ಅದನ್ನು ಸೀಳಿದರೆ ಅಂಥ ವಿಭಜಕವನ್ನು ಪ್ಯಾಸಿವ್ ಎನ್ನುತ್ತಾರೆ. ಆಂಪ್ಲಿಫೈಯರು ಪ್ರತ್ಯೇಕವಾಗಿ ಹೊರಗಿದ್ದರೆ ಇಡೀ ಧ್ವನಿವರ್ಧಕವೇ ಪ್ಯಾಸಿವ್. ಅದೇ ಆಂಪ್ಲಿಫೈಯರನ್ನು ಪೆಟ್ಟಿಗೆಯೊಳಗೆ ಸೇರಿಸಿದರೆ ಅದು ಪವರ್ಡ್. ಆದರೆ ಒಳಗಿನ ವಿಭಜನೆ ಹಳೆಯ ರೀತಿಯದೇ. ನಮ್ಮ ಹುಡುಗನ ಜೋಡಿ ಈ ಜಾತಿಯದು. ಎಡಪೆಟ್ಟಿಗೆಯಲ್ಲಿಯೇ ಎರಡು ಬದಿಗಳ ಆಂಪ್ಲಿಫೈಯರುಗಳೂ ಕುಳಿತಿವೆ. ಬಲಪೆಟ್ಟಿಗೆಗೆ ಹೋದ ತಂತಿ ಬಲಪಡಿಸಿದ ವಿದ್ಯುತ್ತನ್ನು ಒಯ್ಯುವ ತಂತಿ. ಅದನ್ನು ಕಿತ್ತರೆ ಬಲಪೆಟ್ಟಿಗೆ ಮೂಕವಾಗುತ್ತದೆ.

ಆ್ಯಕ್ಟಿವ್ ಧ್ವನಿವರ್ಧಕದಲ್ಲಿಯಾದರೋ ವಿಭಜನೆ ನಡೆಯುವುದು ಸಂಕೇತ ಇನ್ನೂ ದುರ್ಬಲವಾಗಿರುವಾಗ. ಆಮೇಲೆ ವೂಫರಿಗೊಂದು, ಟ್ವೀಟರಿಗೊಂದು ಆಂಪ್ಲಿಫೈಯರ್. ಇದರಿಂದ ಆಗುವ ಲಾಭಗಳು ನಿಜವಾದವು. ಮೊದಲನೆಯದಾಗಿ, ಆಂಪ್ಲಿಫೈಯರಿಗೂ ಶಂಕುವಿಗೂ ನಡುವೆ ಏನೂ ಅಡ್ಡವಿಲ್ಲದಿರುವುದರಿಂದ ಶಂಕುವಿನ ಮೇಲೆ ಅದರ ಹಿಡಿತ ಬಿಗಿಯಾಗಿರುತ್ತದೆ. ಎರಡನೆಯದಾಗಿ, ಗಟ್ಟಿಯಾಗಿ ನುಡಿಸಿದಾಗ ಧ್ವನಿವರ್ಧಕದ ಸುರುಳಿ ಕಾಯುತ್ತದೆ. ತಾಮ್ರದ ಉಷ್ಣತೆ 100 ಸೆಂಟಿಗ್ರೇಡ್ ಡಿಗ್ರಿ ಏರಿದರೆ ಅದರ ರೋಧವು ಶೇಕಡ ಸುಮಾರು 40 ಹೆಚ್ಚುತ್ತದೆ. ಪ್ಯಾಸಿವ್ ವಿಭಜಕದ ಲೆಕ್ಕಾಚಾರವೆಲ್ಲ ಈ ರೋಧವನ್ನು ಅವಲಂಬಿಸಿರುವುದರಿಂದ ಸ್ವರಗಳ ಹಂಚಿಕೆ ಆಗ ತುಸು ಜಾರುತ್ತದೆ. ಆ್ಯಕ್ಟಿವ್ ವಿಭಜಕಕ್ಕೆ ಈ ತೊಂದರೆಯಿಲ್ಲ. ಮೂರನೆಯದಾಗಿ, ಶಂಕುವಿನ ಸಣ್ಣಪುಟ್ಟ ದೋಷಗಳನ್ನು ಮೊದಲೇ ಅಳೆದು ಸಂಕೇತದಲ್ಲಿಯೇ ತಿದ್ದಿಬಿಡಬಹುದು.

ಸೀಗ್‌ಫ್ರೀಡ್ ಲಿಂಕ್ವಿಟ್ಸ್ ಎಂಬ ಎಂಜಿನಿಯರು 1976ರಲ್ಲಿ ಆ್ಯಕ್ಟಿವ್ ವಿಭಜಕಗಳನ್ನು ಕುರಿತು ಪ್ರಕಟಿಸಿದ ಲೇಖನದಿಂದ ಈ ಮಾರ್ಗಕ್ಕೆ ಗಟ್ಟಿಯಾದ ಗಣಿತದ ಆಧಾರ ದೊರೆಯಿತು. ಆತನ ಮತ್ತು ಸಹೋದ್ಯೋಗಿ ರೈಲಿಯ ಹೆಸರನ್ನು ಹೊತ್ತ ವಿಭಜಕವು ಇಂದಿಗೂ ಬಳಕೆಯಲ್ಲಿದೆ. ಫಿನ್ಲೆಂಡಿನ ಜೆನೆಲೆಕ್ ಸಂಸ್ಥೆ 1978ರಲ್ಲಿ ಆ ದೇಶದ ಬಾನುಲಿಗಾಗಿ ಇಂಥ ಧ್ವನಿವರ್ಧಕಗಳನ್ನು ಮಾಡತೊಡಗಿತು. ಧ್ವನಿಮುದ್ರಣದ ಕೊಠಡಿಗಳಲ್ಲಿ ಬೇರೂರಿದ ಈ ಪದ್ಧತಿ ಮನೆಗಳಿಗೆ ನಿಸ್ತಂತು ಸೌಕರ್ಯದೊಡನೆ ಬಂದುದು ಈಚೆಗೆ. ಬ್ರಿಟನ್ನಿನ ಕೆಇಎಫ್ ಸಂಸ್ಥೆ 2012ರಲ್ಲಿ 'ಎಲ್‌ಎಸ್50' ಎಂಬ ಚಿಕ್ಕ ಪ್ಯಾಸಿವ್ ಧ್ವನಿವರ್ಧಕವನ್ನು ಹೊರತಂದಿತು. 2016ರಲ್ಲಿ ಅದರ ನಿಸ್ತಂತು ರೂಪವನ್ನು ಹೊರಡಿಸಿದಾಗ ಒಂದೊಂದು ಪೆಟ್ಟಿಗೆಯಲ್ಲಿಯೂ ವೂಫರಿಗೆ 200 ವ್ಯಾಟಿನ ಒಂದು ಆಂಪ್ಲಿಫೈಯರನ್ನೂ ಟ್ವೀಟರಿಗೆ 30 ವ್ಯಾಟಿನ ಇನ್ನೊಂದನ್ನೂ ಇರಿಸಿತು. ಟ್ವೀಟರಿನ ಪಾಲು ಇಷ್ಟು ಕಡಿಮೆ ಇರುವುದನ್ನು ವಾಚಕರು ಗಮನಿಸಬೇಕು. ಸಂಗೀತದ ಶಕ್ತಿಯಲ್ಲಿ ಬಹುಪಾಲು ಮಂದ್ರ ಮತ್ತು ಮಧ್ಯ ಸ್ಥಾಯಿಗಳಲ್ಲಿಯೇ ಇರುತ್ತದೆ.

ಹಾಗೆಂದು ಆ್ಯಕ್ಟಿವ್ ಎಂಬ ಮಾತೇ ಗುಣದ ಮುದ್ರೆಯಲ್ಲ. ಅಗ್ಗದ ಶಂಕುಗಳನ್ನು ತೆಳು ಪೆಟ್ಟಿಗೆಯಲ್ಲಿ ಕೂಡಿಸಿದ ಆ್ಯಕ್ಟಿವ್ ಧ್ವನಿವರ್ಧಕಕ್ಕಿಂತ ಶ್ರದ್ಧೆಯಿಂದ ಮಾಡಿದ ಪವರ್ಡ್ ಜೋಡಿಯೇ ಮೇಲು. ಇನ್ನೊಂದು ಮಾತು. ಒಂದು ಶಂಕುವಿನಿಂದ ಅಷ್ಟೇ ಗಟ್ಟಿತನದಲ್ಲಿ ಅರ್ಧ ಕಂಪನಸಂಖ್ಯೆಯ ಸ್ವರವನ್ನು ಹೊರಡಿಸಬೇಕಾದರೆ ಅದು ನಾಲ್ಕರಷ್ಟು ದೂರ ಚಲಿಸಬೇಕಾಗುತ್ತದೆ. ಅಂಗೈಯಗಲದ ಶಂಕು ಎಷ್ಟೆಂದು ಚಲಿಸೀತು? ಪುಟ್ಟ ಪೆಟ್ಟಿಗೆಯಿಂದ ಭೂಮಿ ನಡುಗಿಸುವ ಮಂದ್ರವನ್ನು ಎಷ್ಟೇ ಬುದ್ಧಿವಂತ ಮಂಡಲವೂ ಹೊರಡಿಸಲಾರದು.

ನಿಸ್ತಂತು ಎಂದರೆ ಯಾವ ತಂತಿ ಇಲ್ಲ?

ಈಗ ಹುಡುಗನ ಮೊದಲನೆಯ ಪ್ರಶ್ನೆ. ಧ್ವನಿವರ್ಧಕದ ಜೋಡಿಗೆ ಸಂಬಂಧಗಳು ಮೂರು. ಹಾಡಿರುವ ಫೋನಿನಿಂದ ಪೆಟ್ಟಿಗೆಗೆ ಒಂದು. ಪೆಟ್ಟಿಗೆಯಿಂದ ಪೆಟ್ಟಿಗೆಗೆ ಒಂದು. ಗೋಡೆಯ ವಿದ್ಯುತ್ತಿನಿಂದ ಪೆಟ್ಟಿಗೆಗೆ ಒಂದು. ನಿಸ್ತಂತು ಎಂಬ ಮಾತು ಮೊದಲನೆಯದಕ್ಕೆ ಮಾತ್ರ ಖಂಡಿತವಾಗಿ ಅನ್ವಯಿಸುತ್ತದೆ, ಎರಡನೆಯದಕ್ಕೆ ಕೆಲವೊಮ್ಮೆ. ಬ್ಯಾಟರಿಯಿಂದ ನಡೆಯುವ ಪುಟ್ಟ ಪೆಟ್ಟಿಗೆಗಳನ್ನು ಬಿಟ್ಟರೆ ಮೂರನೆಯ ತಂತಿ ಎಲ್ಲಕ್ಕೂ ಇದೆ. ರೇಡಿಯೋ ಅಲೆಗಳು ತಂದುಕೊಡುವುದು ಸಂದೇಶವನ್ನು. ಶಂಕುವನ್ನು ಅಲ್ಲಾಡಿಸುವ ಶಕ್ತಿಯನ್ನಲ್ಲ. ಎರಡು ಪೆಟ್ಟಿಗೆಗಳೂ ಬಿಡಿಬಿಡಿಯಾದ ಆ್ಯಕ್ಟಿವ್ ಜಾತಿಯವಾದರೆ ಗೋಡೆಯ ಪ್ಲಗ್ಗುಗಳು ಎರಡು ಬೇಕು. ಕೊಳ್ಳುವ ಮುನ್ನ ಮನೆಯಲ್ಲಿ ಅವು ಎಲ್ಲಿವೆಯೆಂದು ನೋಡಿಟ್ಟುಕೊಳ್ಳುವುದು ಜಾಣತನ.

ಆ ಸಂದೇಶ ಬರುವ ದಾರಿಗಳು ಮುಖ್ಯವಾಗಿ ಎರಡು: ಬ್ಲೂಟೂತ್ ಮತ್ತು ವೈಫೈ. ಇವುಗಳ ಅಂತರವನ್ನು ಒಂದು ಗುಣಾಕಾರದಿಂದ ತಿಳಿಯಬಹುದು. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ. ತಟ್ಟೆಯಲ್ಲಿ ಪ್ರತಿ ಸೆಕೆಂಡಿಗೂ 44,100 ಸಲ ಧ್ವನಿಯನ್ನು ಅಳೆದು, ಒಂದೊಂದು ಅಳತೆಯನ್ನೂ 16 ಬಿಟ್‌ಗಳಲ್ಲಿ, ಎಡ ಬಲ ಎರಡಕ್ಕೂ ಬರೆದಿರುತ್ತಾರೆ. ಗುಣಿಸಿದರೆ ಸೆಕೆಂಡಿಗೆ 14,11,200 ಬಿಟ್‌ಗಳಾದುವು. ಬ್ಲೂಟೂತಿನ ಸಂಗೀತವಾಹಕ ಉಪಕರಣಗಳೆಲ್ಲ ತಿಳಿದಿರಬೇಕಾದ 'ಎಸ್‌ಬಿಸಿ' ಎಂಬ ಸಂಕೇತಕ್ರಮವು ಉತ್ತಮ ಗುಣಮಟ್ಟದಲ್ಲಿ ಸಾಗಿಸುವುದು ಸೆಕೆಂಡಿಗೆ ಸುಮಾರು 3,28,000 ಬಿಟ್‌ಗಳನ್ನು. ಎಂದರೆ ಕಾಲುಭಾಗಕ್ಕಿಂತ ತುಸು ಕಡಿಮೆ. ಧ್ವನಿಯನ್ನು ಪಟ್ಟಿಪಟ್ಟಿಯಾಗಿ ವಿಂಗಡಿಸಿ, ಹೆಚ್ಚು ಬೇಕಾದ ಪಟ್ಟಿಗೆ ಹೆಚ್ಚು ಬಿಟ್‌ಗಳನ್ನು ಕೊಟ್ಟು, ಉಳಿದವಕ್ಕೆ ಕೈಬಿಗಿ ಹಿಡಿಯುವುದು ಅದರ ಉಪಾಯ. 'ಎಲ್‌ಡ್ಯಾಕ್' ಎಂಬ ಕ್ರಮ ಅನುಕೂಲ ಸಂದರ್ಭದಲ್ಲಿ 9,90,000 ಬಿಟ್‌ಗಳವರೆಗೆ ಸಾಗಿಸಬಲ್ಲುದು. ಆದರೆ ಕಳುಹಿಸುವ ಫೋನೂ ಕೇಳುವ ಪೆಟ್ಟಿಗೆಯೂ ಒಂದೇ ಭಾಷೆಯನ್ನು ಬಲ್ಲವಾಗಿರಬೇಕು. ಪೆಟ್ಟಿಗೆಗೆ ಮಾತ್ರ ಬಂದು ಫೋನಿಗೆ ಬಾರದಿದ್ದರೆ ಅದಕ್ಕಾಗಿ ತೆತ್ತ ಹಣ ನೀರಿನಲ್ಲಿಟ್ಟ ಹೋಮ.

ವೈಫೈ ದಾರಿಯಾದರೋ ಅಗಲವಾದುದು. ಸಿ.ಡಿ.ಯ ಬಿಟ್‌ಗಳೆಲ್ಲ ಒಂದೂ ನಷ್ಟವಾಗದಂತೆ ಅಲ್ಲಿ ಸಾಗಬಲ್ಲವು. ಹಲವು ಪೆಟ್ಟಿಗೆಗಳು ಸಂಗೀತವನ್ನು ಅಂತರಜಾಲದಿಂದ ತಾವೇ ತರಿಸಿಕೊಳ್ಳುವುದರಿಂದ ನಡುವೆ ಫೋನಿಗೆ ಕರೆ ಬಂದರೂ ಹಾಡು ನಿಲ್ಲುವುದಿಲ್ಲ. ಆದರೆ ಮನೆಯಲ್ಲಿ ವೈಫೈ ಸಂಪರ್ಕ ಸ್ಥಿರವಾಗಿರಬೇಕು. ವಿದ್ಯುತ್ತು ಪದೇ ಪದೇ ಹೋಗುವ ಊರುಗಳಲ್ಲಿ ಇದು ಸಣ್ಣ ಮಾತಲ್ಲ. ಬ್ಲೂಟೂತಿಗೆ ಅಂಥ ಹಂಗಿಲ್ಲ. ಅದು 2.4 ಗಿಗಾಹರ್ಟ್ಸಿನ ಸುತ್ತ 79 ಕಾಲುವೆಗಳ ನಡುವೆ ಸೆಕೆಂಡಿಗೆ 1600 ಸಲ ನೆಗೆಯುತ್ತ, ಗದ್ದಲದ ಕಾಲುವೆಗಳನ್ನು ತಪ್ಪಿಸಿಕೊಂಡು ಸಂದೇಶ ಮುಟ್ಟಿಸುತ್ತದೆ.

ನಿಸ್ತಂತು ಮಾರ್ಗದಲ್ಲಿ ಸ್ವಲ್ಪ ವಿಳಂಬವೂ ಇದೆ. ಬಿಟ್‌ಗಳನ್ನು ಕಟ್ಟಿ, ಕಳುಹಿಸಿ, ಕೂಡಿಟ್ಟು, ಬಿಚ್ಚುವ ಹೊತ್ತಿಗೆ ಬ್ಲೂಟೂತಿನಲ್ಲಿ ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗ ಅಥವಾ ಅದಕ್ಕೂ ಹೆಚ್ಚು ಕಳೆದುಹೋಗುವುದು ಸಾಮಾನ್ಯ. ಅಷ್ಟರಲ್ಲಿ ಶಬ್ದ ಗಾಳಿಯಲ್ಲಿ 34 ಮೀಟರ್ ಹೋಗಿಬಿಡುತ್ತದೆ. ಬರಿಯ ಹಾಡು ಕೇಳುವವರಿಗೆ ಇದರಿಂದ ಬಾಧಕವಿಲ್ಲ. ವಿದ್ಯುತ್ ವೀಣೆಯನ್ನೋ ಕೀಬೋರ್ಡನ್ನೋ ಧ್ವನಿವರ್ಧಕಕ್ಕೆ ಜೋಡಿಸಿ ಅಭ್ಯಾಸ ಮಾಡುವವರಿಗೆ ಮಾತ್ರ ತಂತಿಯೇ ಗತಿ.

ಸಾವಿರ ವ್ಯಾಟ್ ಎಲ್ಲಿಂದ ಬಂದಿತು?

ಎರಡನೆಯ ಪ್ರಶ್ನೆಗೆ ಉತ್ತರವಾಗಿ ನಾವು ಹುಡುಗನಿಗೆ ಪೆಟ್ಟಿಗೆಯ ಬೆನ್ನನ್ನು ತಿರುಗಿಸಿ ನೋಡೆಂದೆವು. ಅಲ್ಲಿ ಸಣ್ಣ ಅಕ್ಷರಗಳಲ್ಲಿ '230 ವೋಲ್ಟ್, 60 ವ್ಯಾಟ್' ಎಂದಿತ್ತು. ಗೋಡೆಯಿಂದ ಒಳಗೆ ಬರುವುದು 60 ವ್ಯಾಟ್. ಹೊರಗೆ ಹೊರಡುವುದು 1000 ವ್ಯಾಟ್! ಶಕ್ತಿ ನಿತ್ಯತೆಯ ನಿಯಮವನ್ನು ಓದಿದ ವಿದ್ಯಾರ್ಥಿ ಅಲ್ಲಿಯೇ ನಕ್ಕುಬಿಡಬೇಕು. ಕ್ಷಣಾರ್ಧದ ಪೆಟ್ಟಿಗೆ ಆಂಪ್ಲಿಫೈಯರಿನ ಕೆಪಾಸಿಟರುಗಳು ಕೂಡಿಟ್ಟ ಶಕ್ತಿಯನ್ನು ಒದಗಿಸಬಲ್ಲವೆಂಬುದು ನಿಜ. ಆದರೆ ಎಡೆಬಿಡದೆ ಕೊಡಬಲ್ಲ ಶಕ್ತಿ ಎಂದಿಗೂ ಒಳಬರುವುದನ್ನು ಮೀರಲಾರದು. 'ಪಿಎಂಪಿಒ' ಎಂಬ ಹೆಸರಿನಲ್ಲಿ ಅಚ್ಚುಹಾಕುವ ದೊಡ್ಡ ಸಂಖ್ಯೆಗಳು ಬರಿಯ ಜಾಹೀರಾತು. 'ಆರ್‌ಎಂಎಸ್' ಎಂದು ಕೊಟ್ಟಿರುವ ಸಂಖ್ಯೆಯನ್ನು ಕೇಳಬೇಕು. ಅದನ್ನೂ ಬೆನ್ನಿನ ಫಲಕದೊಡನೆ ತಾಳೆ ನೋಡಬೇಕು.

ನಿಜವಾಗಿ ಎಷ್ಟು ವ್ಯಾಟ್ ಬೇಕು? ಶಬ್ದದ ಮಟ್ಟವನ್ನು ಡೆಸಿಬೆಲ್‌ಗಳಲ್ಲಿ ಅಳೆಯುತ್ತಾರೆ. ಶಕ್ತಿಯನ್ನು ಹತ್ತು ಪಟ್ಟು ಮಾಡಿದರೆ ಮಟ್ಟ 10 ಡೆಸಿಬೆಲ್ ಏರುತ್ತದೆ. ಕಿವಿಗೆ ಅದು ಸುಮಾರು ಎರಡರಷ್ಟು ಗಟ್ಟಿಯಾಗಿ ತೋರುತ್ತದೆ. ಶಕ್ತಿಯನ್ನು ಎರಡು ಪಟ್ಟು ಮಾಡಿದರೆ ಏರಿಕೆ 3 ಡೆಸಿಬೆಲ್ ಮಾತ್ರ. ಅದು ಸುಮ್ಮನೆ ಗೊತ್ತಾಗುವಷ್ಟು. ಆದುದರಿಂದ 50 ವ್ಯಾಟಿಗೂ 100 ವ್ಯಾಟಿಗೂ ಇರುವ ಅಂತರ ಬೆಲೆಯಲ್ಲಿ ಕಾಣುವಷ್ಟು ಕಿವಿಯಲ್ಲಿ ಕಾಣುವುದಿಲ್ಲ. ಒಂದು ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ 87 ಡೆಸಿಬೆಲ್ ಕೊಡುವ ಸಾಮಾನ್ಯ ಧ್ವನಿವರ್ಧಕಗಳ ಜೋಡಿಯಿಂದ ಎರಡೂವರೆ ಮೀಟರ್ ದೂರದಲ್ಲಿ ಕುಳಿತು ಹಿತವಾಗಿ ಸಂಗೀತ ಕೇಳಲು ಸರಾಸರಿ ಒಂದು ವ್ಯಾಟ್ ಕೂಡ ಬೇಕಾಗುವುದಿಲ್ಲ. ಮೃದಂಗದ ಗಟ್ಟಿ ಪೆಟ್ಟುಗಳಿಗಾಗಿ 20 ಡೆಸಿಬೆಲ್ ಅವಕಾಶವಿಟ್ಟುಕೊಂಡರೆ ನೂರು ಪಟ್ಟು ಬೇಕಷ್ಟೆ. ಆಗಲೂ ಕೆಲವು ಹತ್ತು ವ್ಯಾಟ್‌ಗಳಲ್ಲಿ ಲೆಕ್ಕ ಮುಗಿಯಿತು. ಸಾವಿರದ ಮಾತೆಲ್ಲಿ?

ತಂಬೂರಿ ಅಡಗಿದ ಮೂಲೆ

ಮೂರನೆಯ ಪ್ರಶ್ನೆಯೇ ಹಿರಿದು. ಇದಕ್ಕೆ ಉತ್ತರ ಪೆಟ್ಟಿಗೆಯೊಳಗಿಲ್ಲ, ಕೋಣೆಯಲ್ಲಿದೆ.

ಎದುರುಬದುರಾದ ಎರಡು ಗೋಡೆಗಳ ನಡುವಣ ಅಂತರವು ಸ್ವರದ ಅರ್ಧ ತರಂಗದೂರಕ್ಕೆ ಸಮವಾದಾಗ ಆ ಸ್ವರ ಕೋಣೆಯಲ್ಲಿ ಅನುರಣನಗೊಳ್ಳುತ್ತದೆ. 4 ಮೀಟರ್ ಉದ್ದದ ಕೋಣೆಯಲ್ಲಿ ಇದು ಸುಮಾರು 43 ಹರ್ಟ್ಸ್. 3 ಮೀಟರ್ ಅಗಲಕ್ಕೆ ಸುಮಾರು 57 ಹರ್ಟ್ಸ್. ಅವುಗಳ ಎರಡರಷ್ಟು, ಮೂರರಷ್ಟು ಸ್ವರಗಳೂ ಹಾಗೆಯೇ. ಕೋಣೆಯ ಮೂಲೆಯು ಈ ಎಲ್ಲ ಅನುರಣನಗಳನ್ನೂ ಕೆರಳಿಸುವ ಜಾಗ. ಮೂಲೆಯಲ್ಲಿ ನೆಲದ ಮೇಲಿಟ್ಟ ಪೆಟ್ಟಿಗೆಯಿಂದ ಮಂದ್ರ ಸ್ವರಗಳು ಊದಿಕೊಂಡು, ಮೃದಂಗದ ಎಡಮುಖದ ನಾದ ಗುಡುಗಾಗಿ ಉಳಿದುಬಿಡುತ್ತದೆ. ಗಟ್ಟಿಯಾದ ಮಂದ್ರ ಸ್ವರ ತನಗಿಂತ ಮೇಲಿನ ಮೆಲುಸ್ವರಗಳನ್ನು ಕಿವಿಯಲ್ಲಿ ಮುಚ್ಚಿಹಾಕುತ್ತದೆಂಬುದು ಪರೀಕ್ಷೆಯಿಂದ ತಿಳಿದ ಸಂಗತಿ. ಇನ್ನು ತಾರ ಸ್ವರಗಳಾದರೋ ಬೆಳಕಿನ ಕಿರಣದಂತೆ ನೇರ ಹಾದಿ ಹಿಡಿಯುವ ಸ್ವಭಾವದವು. ನೆಲದ ಮೇಲಿನ ಟ್ವೀಟರು ಕುಳಿತವರ ಮೊಣಕಾಲಿಗೆ ಹಾಡುತ್ತದೆ, ಕಿವಿಗಲ್ಲ.

ತಂಬೂರಿಯ ಜೀವವಿರುವುದು ಈ ಮೇಲಿನ ಸ್ವರಗಳಲ್ಲಿಯೇ. ಸಿ. ವಿ. ರಾಮನ್ ಅವರು ಕಲ್ಕತ್ತೆಯಲ್ಲಿದ್ದಾಗ, 1921ರಲ್ಲಿ, ವೀಣೆ ಮತ್ತು ತಂಬೂರಿಗಳ ಮೇಲೆ ಪ್ರಕಟಿಸಿದ ಲೇಖನದಲ್ಲಿ ಈ ವಿಷಯವನ್ನು ವಿವರಿಸಿದ್ದಾರೆ. ತಂತಿಯನ್ನು ಮೀಟಿದ ಸ್ಥಳವನ್ನು ಅನುಸರಿಸಿ ಕೆಲವು ಉಪಸ್ವರಗಳು ಹುಟ್ಟಲೇಬಾರದೆಂದು ಹಳೆಯ ನಿಯಮ ಹೇಳುತ್ತದೆ. ತಂಬೂರಿಯಲ್ಲಾದರೋ ಬಾಗಿದ ಮೇಲ್ಮೈಯುಳ್ಳ ಕುದುರೆಗೆ ತಂತಿ ಒರಸಿಕೊಂಡು ಅಲ್ಲಾಡುವುದರಿಂದ ಅವೂ ಹುಟ್ಟುತ್ತವೆ. ಈ ಉಪಸ್ವರಗಳ ಸಮೂಹವೇ ನಾವು ಜೀವಾಳವೆಂದು ಮೆಚ್ಚುವ ಝೇಂಕಾರ. ಇನ್ನೊಂದು ಸೋಜಿಗವನ್ನೂ ಇಲ್ಲಿ ಹೇಳಬೇಕು. ಷಡ್ಜ ಸುಮಾರು 130 ಹರ್ಟ್ಸ್ ಇರುವ ಗಾಯಕನ ತಂಬೂರಿಯಲ್ಲಿ ಮಂದ್ರ ಷಡ್ಜ ಅದರ ಅರ್ಧ, 65 ಹರ್ಟ್ಸ್. ಪುಟ್ಟ ಧ್ವನಿವರ್ಧಕ ಆ ಮೂಲಸ್ವರವನ್ನು ಸರಿಯಾಗಿ ಹೊರಡಿಸದಿದ್ದರೂ, ಉಪಸ್ವರಗಳು ಶುದ್ಧವಾಗಿ ಬಂದರೆ ನಮ್ಮ ಮಿದುಳು ಮೂಲಸ್ವರವನ್ನು ತಾನೇ ತುಂಬಿಕೊಳ್ಳುತ್ತದೆ. ಆದುದರಿಂದ ತಂಬೂರಿಗೆ ಬೇಕಾದುದು ದೊಡ್ಡ ವೂಫರಲ್ಲ, ನಡುವಿನ ಮತ್ತು ಮೇಲಿನ ಸ್ವರಗಳ ಸ್ವಚ್ಛತೆ.

ಕಣ್ಣು ಮುಚ್ಚಿ ಆರಿಸುವುದು

ಅಂಗಡಿಯಲ್ಲಿ ನಮ್ಮನ್ನು ಮೋಸಗೊಳಿಸುವುದು ಮಾರಾಟಗಾರನಿಗಿಂತ ಹೆಚ್ಚಾಗಿ ನಮ್ಮ ಕಣ್ಣೇ. ಫ್ಲಾಯ್ಡ್ ಟೂಲ್ ಎಂಬ ವಿಜ್ಞಾನಿ 1980ರ ದಶಕದಲ್ಲಿ ಕೆನಡದ ರಾಷ್ಟ್ರೀಯ ಸಂಶೋಧನಾ ಮಂಡಲಿಯಲ್ಲಿ ಧ್ವನಿವರ್ಧಕಗಳನ್ನು ತೆರೆಯ ಹಿಂದಿಟ್ಟು ಕೇಳುಗರ ಅಭಿಪ್ರಾಯ ಸಂಗ್ರಹಿಸಿದರು. ಎಲ್ಲ ಸ್ವರಗಳನ್ನೂ ಹೆಚ್ಚುಕಡಿಮೆಯಿಲ್ಲದೆ ಸಮನಾಗಿ, ನೇರಕ್ಕೂ ಪಕ್ಕಕ್ಕೂ ಒಂದೇ ಬಗೆಯಾಗಿ ಹೊರಡಿಸುವ ಪೆಟ್ಟಿಗೆಗಳನ್ನೇ ಬಹುಮಂದಿ ಮೆಚ್ಚಿದರು. 1994ರಲ್ಲಿ ಟೂಲ್ ಮತ್ತು ಶಾನ್ ಆಲಿವ್ ಇದೇ ಪರೀಕ್ಷೆಯನ್ನು ತೆರೆ ಇಟ್ಟೂ ತೆಗೆದೂ ನಡೆಸಿದರು. ಪೆಟ್ಟಿಗೆಗಳು ಕಣ್ಣಿಗೆ ಕಂಡಾಗ ಜನರ ತೀರ್ಪು ಬದಲಾಯಿತು. ಅವುಗಳ ರೂಪ ಮತ್ತು ಹೆಸರು ಕಿವಿಯ ಮಾತನ್ನು ತಳ್ಳಿಹಾಕಿದುವು. ಅನುಭವವುಳ್ಳ ಕೇಳುಗರೂ ಇದಕ್ಕೆ ಹೊರತಾಗಲಿಲ್ಲ.

ಆದಕಾರಣ ಅಂಗಡಿಗೆ ಹೋಗುವಾಗ ಚೆನ್ನಾಗಿ ಪರಿಚಯವಿರುವ ಮೂರು ಮುದ್ರಣಗಳನ್ನು ಜೊತೆಗೆ ಒಯ್ಯಬೇಕು. ಮೊದಲನೆಯದು ಬರಿಯ ಮಾತು. ಗೊತ್ತಿರುವ ಮನುಷ್ಯನ ದನಿ ಕೊಳವೆಯೊಳಗಿಂದ ಬಂದಂತಿದ್ದರೆ ಆ ಪೆಟ್ಟಿಗೆಯನ್ನು ಅಲ್ಲಿಗೇ ಬಿಡಬಹುದು. ಎರಡನೆಯದು ತಂಬೂರಿಯೊಡನೆ ಒಂಟಿ ಗಾಯನ. ಮೂರನೆಯದು ಮೃದಂಗದ ತನಿ. ಬಲಮುಖದ ಚುರುಕು ಪೆಟ್ಟುಗಳು ಬಿಡಿಬಿಡಿಯಾಗಿ ಕೇಳಬೇಕು, ಎಡಮುಖದ ನಾದ ಬಂದು ನಿಲ್ಲಬೇಕು, ಗುಂಯ್ಗುಡುತ್ತ ಉಳಿಯಬಾರದು. ಎರಡು ಜೋಡಿಗಳನ್ನು ಹೋಲಿಸುವಾಗ ಎರಡರ ಗಟ್ಟಿತನವನ್ನೂ ಸಮಮಾಡಿಕೊಳ್ಳಬೇಕು. ತುಸು ಗಟ್ಟಿಯಾದುದು ಯಾವಾಗಲೂ ಮೇಲೆಂದು ತೋರುತ್ತದೆ. ಗೆಳೆಯನೊಬ್ಬನು ಬದಲಾಯಿಸುತ್ತಿರಲಿ, ಕೊಳ್ಳುವವನು ಬೆನ್ನು ತಿರುಗಿಸಿ ಕುಳಿತಿರಲಿ. ಮನೆಯಲ್ಲಿ ಕೇಳಿ ನೋಡಿ ಹಿಂದಿರುಗಿಸುವ ಅವಕಾಶ ದೊರೆತರೆ ಎಲ್ಲಕ್ಕಿಂತ ಮೇಲು.

ಕೊನೆಗೆ, ಆಯುಷ್ಯದ ವಿಚಾರ. ಚೆನ್ನಾಗಿ ನೋಡಿಕೊಂಡ ಪ್ಯಾಸಿವ್ ಧ್ವನಿವರ್ಧಕ ಒಂದು ತಲೆಮಾರು ಬಾಳುತ್ತದೆ. ಆಂಪ್ಲಿಫೈಯರು ಕೆಟ್ಟರೆ ಬೇರೊಂದನ್ನು ಜೋಡಿಸಿದರಾಯಿತು. ಎಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿ ಅಡಕಿಸಿದಾಗ ಒಂದು ಭಾಗ ಕೆಟ್ಟರೂ ಎಲ್ಲವೂ ನಿಲ್ಲುತ್ತದೆ. ನಿಸ್ತಂತು ಪೆಟ್ಟಿಗೆಗಳು ತಯಾರಕರು ಕಳುಹಿಸುವ ತಂತ್ರಾಂಶವನ್ನೂ ನಂಬಿಕೊಂಡಿವೆ. ಅಮೆರಿಕದ ಸೋನೋಸ್ ಸಂಸ್ಥೆ ತನ್ನ ಕೆಲವು ಹಳೆಯ ಉಪಕರಣಗಳಿಗೆ 2020ರ ಮೇ ತಿಂಗಳಿನಿಂದ ಹೊಸ ತಂತ್ರಾಂಶ ಕೊಡುವುದಿಲ್ಲವೆಂದು ಆ ವರ್ಷದ ಆರಂಭದಲ್ಲಿ ಸಾರಿತು. ಶಂಕುಗಳು ಗಟ್ಟಿಮುಟ್ಟಾಗಿರುವಾಗಲೇ ಉಪಕರಣ ಹಳತಾಗುವ ಕಾಲವಿದು. ಆದಕಾರಣ ಯಾವ ನಿಸ್ತಂತು ಧ್ವನಿವರ್ಧಕವನ್ನೇ ಕೊಂಡರೂ ಬೆನ್ನಿನಲ್ಲಿ ಸಾಮಾನ್ಯ ತಂತಿ ಚುಚ್ಚಲು ಒಂದು ತೂತಿದೆಯೇ ಎಂದು ನೋಡಬೇಕು. ನಾಳೆ ನಿಸ್ತಂತು ಭಾಷೆಗಳು ಬದಲಾದರೂ ಆ ತೂತು ಅದನ್ನು ಬದುಕಿಸುತ್ತದೆ.

ಹುಡುಗನ ಹಣವೇನೋ ಮುಗಿದುಹೋಗಿತ್ತು; ಹೊಸ ಜೋಡಿಯ ಮಾತೆತ್ತುವಂತಿರಲಿಲ್ಲ. ಆ ಸಂಜೆ ನಾವಿಬ್ಬರೂ ಸೇರಿ ಪೆಟ್ಟಿಗೆಗಳನ್ನು ಮೂಲೆಗಳಿಂದ ಹೊರಗೆ ತಂದೆವು. ಗೋಡೆಯಿಂದ ಎರಡಡಿ ಮುಂದೆ, ಎರಡು ಗಟ್ಟಿ ಸ್ಟೂಲುಗಳ ಮೇಲೆ, ಅಜ್ಜಿಯ ಕಿವಿಯ ಮಟ್ಟಕ್ಕೆ ಇರಿಸಿ, ಸ್ವಲ್ಪ ಅವರ ಕಡೆಗೆ ತಿರುಗಿಸಿದೆವು. ಕುರ್ಚಿಯನ್ನು ಹಿಂದಿನ ಗೋಡೆಯಿಂದ ಮುಂದಕ್ಕೆ ಎಳೆದೆವು. ಇದಕ್ಕೆ ಒಂದು ಕಾಸೂ ಖರ್ಚಾಗಲಿಲ್ಲ. ಅದೇ ಮುದ್ರಣವನ್ನು ಮತ್ತೆ ಹಚ್ಚಿದಾಗ ಗುಡುಗು ತಗ್ಗಿ ಮೃದಂಗ ಮೃದಂಗವಾಯಿತು. ಅಜ್ಜಿ ಏನೂ ಹೇಳಲಿಲ್ಲ. ಅವರ ಬಲಗೈಯ ಬೆರಳುಗಳು ಮಾತ್ರ ಮಡಿಲಿನ ಮೇಲೆ ಇಲ್ಲದ ತಂಬೂರಿಯ ತಂತಿಗಳನ್ನು ಒಂದೊಂದಾಗಿ ಮೀಟತೊಡಗಿದುವು.